ಪಟ್ಟಿಯಲ್ಲಿ ಹೆಸರು, ಕೈಯಲ್ಲಿ ಗುರುತು

ಅಂದು 2024ರ ಏಪ್ರಿಲ್ 26. ಲೋಕಸಭೆ ಚುನಾವಣೆ. ಕೆಂಪಮ್ಮ ಕೂಲಿ ಬಿಟ್ಟು ಮತಗಟ್ಟೆಗೆ ಹೋದಳು. ಬಿಸಿಲಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತಳು. ಒಳಗೆ ಹೋಗಿ ರೇಷನ್ ಕಾರ್ಡು ತೋರಿಸಿದಳು.

"ಇದು ನಡೆಯಲ್ಲಮ್ಮ. ವೋಟರ್ ಕಾರ್ಡು ತನ್ನಿ" ಎಂದರು ಅಲ್ಲಿದ್ದವರು.

ವೋಟರ್ ಕಾರ್ಡು ಮಳೆಗಾಲದಲ್ಲಿ ಸೋರಿದ ನೀರಿಗೆ ಹಾಳಾಗಿತ್ತು. ಆಧಾರ್ ಕಾರ್ಡನ್ನು ಮಗ ಪೇಟೆಗೆ ಒಯ್ದಿದ್ದ. ಕೆಂಪಮ್ಮ ತಲೆ ತಗ್ಗಿಸಿ ಹೊರಗೆ ಬಂದಳು.

ದಾರಿಯಲ್ಲಿ ಸುಶೀಲ ಸಿಕ್ಕಳು. ಅವಳು ಮಹಿಳಾ ಸಂಘದ ಲೆಕ್ಕ ಬರೆಯುವವಳು.

"ಯಾಕೆ ದೊಡ್ಡಮ್ಮ, ಮುಖ ಸಪ್ಪಗೈತೆ? ವೋಟು ಹಾಕಿದ್ರಾ?"

"ಎಲ್ಲಿ ಹಾಕೋದವ್ವ? ಕಾರ್ಡಿಲ್ಲ ಅಂತ ವಾಪಸ್ ಕಳಿಸಿದ್ರು."

"ಪಟ್ಟೀಲಿ ನಿಮ್ಮ ಹೆಸರು ಐತಾ?"

"ಐತೆ. ನಾನೇ ಓದಿ ನೋಡಿದೆ."

"ಹಂಗಾದ್ರೆ ವೋಟೂ ಐತೆ. ನಿಮ್ಮ ಬ್ಯಾಂಕಿನ ಪಾಸ್ ಪುಸ್ತಕದಾಗೆ ಫೋಟೋ ಐತಲ್ಲ, ಅದನ್ನ ತಗೊಂಡು ಹೋಗಿ. ಸಂಜೆ ಆರರೊಳಗೆ ಸಾಲಿಗೆ ಸೇರ್ಕೊಳ್ಳಿ."

ಕೆಂಪಮ್ಮ ಪಾಸ್ ಪುಸ್ತಕ ಹಿಡಿದು ಮತ್ತೆ ಹೋದಳು. ಈ ಸಲ ಯಾರೂ ತಡೆಯಲಿಲ್ಲ. ಬೆರಳಿಗೆ ಶಾಯಿ ಬಿತ್ತು. ವೋಟು ಹಾಕಿ ಬಂದಳು.

ತಿಳಿಯೋಣ

ವೋಟು ಹಾಕಲು ಎರಡು ಬೇಕು. ಒಂದು, ಮತದಾರರ ಪಟ್ಟಿಯಲ್ಲಿ ಹೆಸರು. ಎರಡು, ಆ ಹೆಸರಿನವಳು ನಾನೇ ಎಂದು ತೋರಿಸುವ ಗುರುತು. ವೋಟರ್ ಕಾರ್ಡು ಇಲ್ಲದಿದ್ದರೆ ಬೇರೆ ಗುರುತು ತೋರಿಸಬಹುದು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ, ಕಾರ್ಡು ಕೈಯಲ್ಲಿದ್ದರೂ ವೋಟಿಲ್ಲ.

ಫೋಟೋ ಇರುವ ಗುರುತಿನ ಚೀಟಿ ಕೊಡಬೇಕೆಂದು ಚುನಾವಣಾ ಆಯೋಗ 1993ರಲ್ಲಿ ಆದೇಶ ಮಾಡಿತು. ಆಗ ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರು. ಕಳ್ಳ ವೋಟು ತಡೆಯುವುದು ಇದರ ಉದ್ದೇಶ. ಆದರೆ ಬಡವರ ಮನೆಯಲ್ಲಿ ಕಾಗದ ಉಳಿಯುವುದು ಕಷ್ಟ. ಮಳೆಗೆ ನೆನೆಯುತ್ತದೆ. ಇಲಿ ಕಡಿಯುತ್ತದೆ. ಗುಳೆ ಹೋದಾಗ ಕಳೆಯುತ್ತದೆ. ಕಾರ್ಡು ಇಲ್ಲವೆಂದು ವೋಟು ತಪ್ಪಬಾರದು. ಅದಕ್ಕೇ ಬೇರೆ ದಾಖಲೆಗಳನ್ನೂ ಒಪ್ಪುತ್ತಾರೆ.

2024ರಲ್ಲಿ ಒಪ್ಪಿದ ಕೆಲವು ದಾಖಲೆಗಳು ಇವು:

* ಆಧಾರ್ ಕಾರ್ಡು
* ಬ್ಯಾಂಕು ಅಥವಾ ಅಂಚೆ ಕಚೇರಿಯ ಫೋಟೋ ಇರುವ ಪಾಸ್ ಪುಸ್ತಕ
* ಉದ್ಯೋಗ ಖಾತ್ರಿ ಕಾರ್ಡು
* ಫೋಟೋ ಇರುವ ಪಿಂಚಣಿ ದಾಖಲೆ
* ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡು

ರೇಷನ್ ಕಾರ್ಡು ಇದರಲ್ಲಿ ಇರಲಿಲ್ಲ. ಮನೆಗೆ ತಂದುಕೊಡುವ ಮತದಾರರ ಚೀಟಿ ಒಂದೇ ಸಾಲದು. ವೋಟರ್ ಕಾರ್ಡಿನಲ್ಲಿ ಒಂದೆರಡು ಅಕ್ಷರ ತಪ್ಪಿದ್ದರೆ ಹೆದರಬೇಡಿ. ಗುರುತು ಸಿಕ್ಕರೆ ಸಾಕು.

ನಮ್ಮ ಹೆಸರು ನಮ್ಮದು

ದೇಶದ ಮೊದಲ ಚುನಾವಣೆ ನಡೆದದ್ದು 1951-52ರಲ್ಲಿ. ಪಟ್ಟಿ ಬರೆಯುವವರು ಮನೆ ಮನೆಗೆ ಬಂದರು. ಉತ್ತರ ಭಾರತದಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ಮಗಳು' ಎಂದರು. ಹೀಗಾಗಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು.

ಇಂದು ನಾವು ಹೆಸರು ಹೇಳುತ್ತೇವೆ, ಬರೆಯುತ್ತೇವೆ. ಆದರೂ ಒಂದು ತೊಂದರೆ ಇದೆ. ಮದುವೆಯಾದ ಮೇಲೆ ನಾವು ಗಂಡನ ಊರಿಗೆ ಬರುತ್ತೇವೆ. ಹೆಸರು ತವರೂರಿನ ಪಟ್ಟಿಯಲ್ಲೇ ಇರುತ್ತದೆ. ಅದನ್ನು ಈ ಊರಿಗೆ ತರಲು ನಮೂನೆ 8 ತುಂಬಿ ಕೊಡಬೇಕು. ಹಾಳಾದ ಕಾರ್ಡಿನ ಬದಲು ಹೊಸದು ಪಡೆಯಲೂ ಇದೇ ನಮೂನೆ. 18 ವರ್ಷ ತುಂಬಿದ ಮಗಳ ಹೆಸರು ಸೇರಿಸಲು ನಮೂನೆ 6.

ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯನ್ನು ಕೇಳಿ. ಎಷ್ಟೋ ಊರುಗಳಲ್ಲಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಯ ಮೇಷ್ಟ್ರೇ ಈ ಕೆಲಸ ಮಾಡುತ್ತಾರೆ. 1950 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು. ಚುನಾವಣೆಯ ದಿನದವರೆಗೆ ಕಾಯಬೇಡಿ. ಮೊದಲೇ ಪಟ್ಟಿ ನೋಡಿ.

ಮಾತಾಡಿ, ಬರೆಯಿರಿ

1. ಕೆಂಪಮ್ಮನನ್ನು ಏಕೆ ವಾಪಸ್ ಕಳಿಸಿದರು? ಅವಳಿಗೆ ಇನ್ನೇನು ಹೇಳಬೇಕಾಗಿತ್ತು?
2. ನಿಮ್ಮ ಫೋಟೋ ಇರುವ ಯಾವ ದಾಖಲೆಗಳು ಮನೆಯಲ್ಲಿವೆ? ಎಲ್ಲಿ ಇಟ್ಟಿದ್ದೀರಿ?
3. ನಿಮ್ಮ ಹೆಸರು ಯಾವ ಊರಿನ ಪಟ್ಟಿಯಲ್ಲಿದೆ?
4. ನಿಮ್ಮ ಹೆಸರನ್ನು ಇಲ್ಲಿ ಬರೆಯಿರಿ: ....................