ಖಿನ್ನತೆ ನಿವಾರಕ ಔಷಧಿಗಳು ಮತ್ತು ಋತುಚಕ್ರ

ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಮ್ ಇವು ಎಸ್‌ಎಸ್‌ಆರ್‌ಐ ಗುಂಪಿನವು. ನರಕೋಶಗಳು ಸೆರೊಟೋನಿನ್ ಮರುಹೀರುವುದನ್ನು ತಡೆಯುವುದು ಇವುಗಳ ಕೆಲಸ.

ನೆನಪಿಡಬೇಕಾದ ಸರಪಳಿ: ಸೆರೊಟೋನಿನ್ ಹೆಚ್ಚಿದಾಗ ಕೆಲವರಲ್ಲಿ ಡೋಪಮಿನ್‌ನ ಹಿಡಿತ ಸಡಿಲಗೊಂಡು ಪಿಟ್ಯುಟರಿಯಿಂದ ಹಾಲು ತರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಏರುತ್ತದೆ, ಅದು ಹೈಪೋಥಲಾಮಸ್‌ನ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ, ಅದರಿಂದ ಅಂಡಾಶಯವನ್ನು ಚೋದಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಇಳಿದು ಅಂಡೋತ್ಪತ್ತಿ ಏರುಪೇರಾಗುತ್ತದೆ. ಮುಟ್ಟು ತಡವಾಗಬಹುದು, ನಿಲ್ಲಲೂಬಹುದು. ಹಾಲೂಡಿಸದವರ ಎದೆಯಲ್ಲೂ ಹಾಲು ಜಿನುಗಬಹುದು. ಎಲ್ಲರಿಗೂ ಹೀಗಾಗದು. ಖಿನ್ನತೆ, ತೂಕದ ಏರಿಳಿತ, ಥೈರಾಯ್ಡ್ ತೊಂದರೆಯೂ ಚಕ್ರ ಕೆಡಿಸುತ್ತವೆ; ಮಾತ್ರೆಯೊಂದನ್ನೇ ದೂರುವ ಮುನ್ನ ಯೋಚಿಸಿ.

ಹಲವರು ಮರೆಯುವ ಅಂಶ: ಪ್ಲೇಟ್‌ಲೆಟ್‌ಗಳು ಸೆರೊಟೋನಿನ್ ತಾವೇ ತಯಾರಿಸುವುದಿಲ್ಲ, ರಕ್ತದಿಂದ ಹೀರುತ್ತವೆ. ಈ ಔಷಧಿಗಳು ಆ ದಾರಿ ಮುಚ್ಚಿದರೆ ಹೆಪ್ಪುಗಟ್ಟುವಿಕೆ ಕುಂದಿ ಮುಟ್ಟಿನ ಸ್ರಾವ ಹೆಚ್ಚಬಹುದು. ಹೊಟ್ಟೆನೋವಿಗೆಂದು ಜೊತೆಗೆ ಐಬುಪ್ರೊಫೆನ್ ನುಂಗಿದರೆ ರಕ್ತಸ್ರಾವದ ಅಪಾಯ ಇನ್ನೂ ಜಾಸ್ತಿ.

ಸ್ವಾರಸ್ಯವೆಂದರೆ, ಇದೇ ಫ್ಲುಯೊಕ್ಸೆಟಿನ್‌ಗೆ 2000ರಲ್ಲಿ ಅಮೆರಿಕದ ಎಫ್‌ಡಿಎ, ಮುಟ್ಟಿಗೆ ಮುಂಚಿನ ತೀವ್ರ ಮನೋವ್ಯಥೆಯಾದ ಪಿಎಂಡಿಡಿಯ ಚಿಕಿತ್ಸೆಗೆ ಒಪ್ಪಿಗೆ ನೀಡಿತು. ಖಿನ್ನತೆಯಲ್ಲಿ ಗುಣ ಕಾಣಲು ವಾರಗಳು ಬೇಕು; ಪಿಎಂಡಿಡಿಯಲ್ಲಿ ಕೆಲವೇ ದಿನ ಸಾಕು. ಹಾಗಾಗಿ ಮುಟ್ಟಿಗೆ 14 ದಿನ ಮುಂಚಿನಿಂದ ಮಾತ್ರ ಕೊಡುವ ಕ್ರಮವೂ ಉಂಟು.