ನೋವು ಎಲ್ಲಿ?

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಒಂದು ದಿನ ಅವರಿಗೆ ಹೊಟ್ಟೆನೋವು ಬಂತು. ತಿಂದದ್ದು ಆಗಿಬರಲಿಲ್ಲ ಅಂದುಕೊಂಡರು. ಜೀರಿಗೆ ಕಷಾಯ ಕುಡಿದರು. ನೋವು ಹೋಗಲಿಲ್ಲ. ಮರುದಿನ ನಾವು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಎಲ್ಲಮ್ಮಾ ನೋವು?" ಡಾಕ್ಟರಮ್ಮ ಕೇಳಿದರು.

"ಹೊಟ್ಟೇಲಿ ಅಮ್ಮಾ" ಅಂದರು ಅಕ್ಕ. ಹೊಟ್ಟೆ ತುಂಬಾ ಕೈ ಆಡಿಸಿದರು.

"ಹಾಗಲ್ಲ, ಒಂದೇ ಬೆರಳು ಇಟ್ಟು ತೋರಿಸಿ."

ಅಕ್ಕ ಬೆರಳಿಟ್ಟರು. ಹೊಕ್ಕುಳಿಗಿಂತ ಕೆಳಗೆ, ಬಲಗಡೆ. "ಮೊದಲು ಹೊಕ್ಕುಳ ಸುತ್ತ ಇತ್ತು. ಈಗ ಇಲ್ಲಿಗೆ ಇಳಿದಿದೆ" ಅಂದರು.

ಡಾಕ್ಟರಮ್ಮ ಅಲ್ಲಿ ಒತ್ತಿ ನೋಡಿದರು. ಅಪೆಂಡಿಕ್ಸ್ ಬಾತಿರಬಹುದು ಎಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅದೇ ರಾತ್ರಿ ಆಪರೇಷನ್ ಆಯಿತು. ತಡ ಮಾಡಿದ್ದರೆ ಅದು ಒಳಗೇ ಒಡೆದು ಜೀವಕ್ಕೆ ಅಪಾಯ ಆಗಬಹುದಿತ್ತು. ಅಕ್ಕ ಈಗ ಚೆನ್ನಾಗಿದ್ದಾರೆ.

ನೋವಿನ ಜಾಗ ಸರಿಯಾಗಿ ಹೇಳಬೇಕು. ಅದನ್ನು ನಾವು ಕಲಿಯೋಣ.

ಎಡ, ಬಲ

ಎಲ್ಲರೂ ಎದ್ದು ನೇರವಾಗಿ ನಿಲ್ಲೋಣ. ಮುಖ ಮುಂದೆ. ಕೈ ಕೆಳಗೆ. ಅಂಗೈ ಮುಂದಕ್ಕೆ. ವೈದ್ಯರು ದೇಹದ ಪಾಠ ಕಲಿಯುವಾಗ ಹೀಗೆ ನಿಂತ ದೇಹವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ.

ಎದೆ, ಹೊಟ್ಟೆ ಮುಂದಿನ ಭಾಗ. ಬೆನ್ನು ಹಿಂದಿನ ಭಾಗ. ಡಾಕ್ಟರು ನಮ್ಮ ಎದುರು ಕೂತಾಗ ನಮ್ಮ ಬಲಗೈ ಅವರ ಎಡಗೈ ಕಡೆ ಇರುತ್ತದೆ. ಆದರೂ ಬಲ ಅಂದರೆ ನಮ್ಮ ಬಲವೇ. ಎಡ ಅಂದರೆ ನಮ್ಮ ಎಡವೇ. ಇದನ್ನು ಮರೆಯಬಾರದು.

ಹೊಟ್ಟೆಯ ನಾಲ್ಕು ಭಾಗ

ರೊಟ್ಟಿಯನ್ನು ನಾಲ್ಕು ತುಂಡು ಮಾಡುತ್ತೇವಲ್ಲ? ಹಾಗೇ ಹೊಟ್ಟೆಯನ್ನೂ ನಾಲ್ಕು ಭಾಗ ಅಂದುಕೊಳ್ಳೋಣ. ನಡುವೆ ಹೊಕ್ಕುಳು.

ಮೇಲೆ ಬಲಗಡೆ: ಲಿವರ್ ಮತ್ತು ಪಿತ್ತಕೋಶ.
ಮೇಲೆ ಎಡಗಡೆ: ಉಂಡ ಅನ್ನ ಹೋಗಿ ಸೇರುವ ಜಠರ.
ಕೆಳಗೆ ಬಲಗಡೆ: ಅಪೆಂಡಿಕ್ಸ್.
ಕೆಳಗೆ ಎಡಗಡೆ: ದೊಡ್ಡ ಕರುಳಿನ ಕೊನೆಯ ಭಾಗ.

ಹೊಕ್ಕುಳಿಗಿಂತ ಕೆಳಗಿನ ಭಾಗಕ್ಕೆ ಕಿಬ್ಬೊಟ್ಟೆ ಅನ್ನುತ್ತೇವೆ. ಅದರ ನಡುವೆ, ಮುಂದೆ ಮೂತ್ರಕೋಶ. ಅದರ ಹಿಂದೆ ಗರ್ಭಕೋಶ. ಗರ್ಭಕೋಶದ ಎರಡೂ ಪಕ್ಕಕ್ಕೆ ಅಂಡಾಶಯಗಳು.

ಮೂತ್ರಪಿಂಡ ಎರಡು. ಅವು ಬೆನ್ನಿನ ಕಡೆ, ಬೆನ್ನೆಲುಬಿನ ಆಚೆ ಈಚೆ ಇವೆ.

ನಾಚಿಕೆ ಬೇಡ

ಕೆಲವು ಜಾಗಗಳ ಹೆಸರು ಹೇಳಲು ನಮಗೆ ನಾಚಿಕೆ. "ಕೆಳಗೆ ಉರಿ" ಅಂದು ಸುಮ್ಮನಾಗುತ್ತೇವೆ. ಆದರೆ ಅಲ್ಲಿ ಮೂರು ದ್ವಾರಗಳಿವೆ. ಮುಂದೆ ಮೂತ್ರದ್ವಾರ. ನಡುವೆ ಯೋನಿ. ಮುಟ್ಟಿನ ರಕ್ತ ಬರುವುದು, ಮಗು ಹುಟ್ಟುವುದು ಇಲ್ಲಿಂದ. ಹಿಂದೆ ಗುದದ್ವಾರ. ಮೂರರ ಕಾಯಿಲೆಗಳು ಬೇರೆ, ಔಷಧಿಯೂ ಬೇರೆ. ಯಾವುದು ಅಂತ ಹೇಳಲೇಬೇಕು. ಗಂಡಸರ ಮುಂದೆ ಹೇಳಲು ಸಂಕೋಚವಾದರೆ ನರ್ಸಮ್ಮನಿಗೋ, ಆಶಾ ಕಾರ್ಯಕರ್ತೆಗೋ ಹೇಳೋಣ.

ಇನ್ನೊಂದು ಮಾತು. ತೊಳೆದುಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಮಲದ ರೋಗಾಣು ಮೂತ್ರದ್ವಾರಕ್ಕೆ ಸೇರುತ್ತದೆ. ಆಗ ಉರಿಮೂತ್ರ ಬರಬಹುದು. ಹೆಣ್ಣುಮಕ್ಕಳಿಗೂ ಇದನ್ನು ಕಲಿಸೋಣ.

ಮಲಗುವ ಬಗೆ

ಪರೀಕ್ಷೆ ಮಾಡುವಾಗ ಡಾಕ್ಟರು ಮಲಗಲು ಹೇಳುತ್ತಾರೆ. ಬೆನ್ನು ಕೆಳಗಾದರೆ ಅಂಗಾತ. ಹೊಟ್ಟೆ ಕೆಳಗಾದರೆ ಬೋರಲು. ಪಕ್ಕಕ್ಕೆ ತಿರುಗಿದರೆ ಮಗ್ಗುಲು.

ತಡ ಮಾಡಬಾರದು

ಎದೆಯ ನಡುವೆ ಹಿಂಡಿದ ಹಾಗೆ ನೋವು ಬಂದು ಎಡಗೈಗೋ, ಕತ್ತಿಗೋ, ದವಡೆಗೋ ಹರಿದರೆ ಅದು ಹೃದಯದ ನೋವು ಇರಬಹುದು. ಗ್ಯಾಸ್ ಅಂತ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು.

ಬಸುರಿಗೆ ಮೇಲುಹೊಟ್ಟೆ ನೋವು, ಜೋರು ತಲೆನೋವು, ಕಣ್ಣು ಮಂಜು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಬೇಕು. ರಕ್ತದ ಒತ್ತಡ ಏರಿರಬಹುದು.

ನಮ್ಮ ದೇಹ ನಮ್ಮದು. ಅದರ ಹೆಸರುಗಳೂ ನಮಗೆ ಗೊತ್ತಿರಲಿ.

ಓದಿ, ಬರೆಯಿರಿ:
ಹೊಕ್ಕುಳು, ಕಿಬ್ಬೊಟ್ಟೆ, ಬೆನ್ನೆಲುಬು, ಗರ್ಭಕೋಶ, ಅಂಗಾತ, ಮಗ್ಗುಲು

ಉತ್ತರ ಹೇಳಿ:
1. ಅಪೆಂಡಿಕ್ಸ್ ಹೊಟ್ಟೆಯ ಯಾವ ಭಾಗದಲ್ಲಿದೆ?
2. ತೊಳೆದುಕೊಳ್ಳುವಾಗ ಯಾವ ಕಡೆಯಿಂದ ಯಾವ ಕಡೆಗೆ ತೊಳೆಯಬೇಕು? ಯಾಕೆ?
3. ನಿಮಗೆ ಈಚೆಗೆ ಬಂದ ಒಂದು ನೋವಿನ ಜಾಗವನ್ನು ಎರಡು ಸಾಲಿನಲ್ಲಿ ಬರೆಯಿರಿ.