ವಾದ ಕೋರ್ಟಿನೊಳಗೇ ಇರಲಿ

ಪ್ರೀತಿಯ ತಮ್ಮಾ,

ಜಾಮೀನು ಸಿಕ್ಕು ನೀನು ಮನೆಗೆ ಬಂದೆ ಅಂತ ನಿಮ್ಮ ಅವ್ವ ಫೋನು ಮಾಡಿದ್ದಳು. ಇಂದಲ್ಲ ನಾಳೆ ಲಕ್ಕುಂಡಿಗೆ ಬರುತ್ತಿ, ಕಟ್ಟೆಯ ಮೇಲೆ ಕುಳಿತು ಆ ರಾತ್ರಿ ಏನಾಯಿತು ಎನ್ನುವುದನ್ನು ಹೇಳಲು ಶುರು ಮಾಡುತ್ತಿ. ಹೇಳಬೇಡ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನಿನ್ನ ವಿರುದ್ಧ ಸಾಬೀತಿಗೆ ಬಳಸಲು ಬರುವುದಿಲ್ಲ. ಆದರೆ ಕಾಕಾನ ಮುಂದೆ, ಗೆಳೆಯನ ಮುಂದೆ, ಚಹಾದಂಗಡಿಯಲ್ಲಿ ಆಡಿದ ಮಾತು ಸಾಕ್ಷಿಯಾಗಬಹುದು. ಕೋರ್ಟು ನನ್ನನ್ನು ಕಟಕಟೆಗೆ ಕರೆದರೆ ನಾನು ಸುಳ್ಳು ಹೇಳುವವನಲ್ಲ. ನಡೆದದ್ದನ್ನೆಲ್ಲ ನಡೆದ ಹಾಗೆ ಬಿಚ್ಚಿ ಹೇಳಬೇಕಾದದ್ದು ನಿನ್ನ ವಕೀಲರಿಗೆ. ನೀನು ಹೇಳಿದ್ದನ್ನು ಹೊರಗೆ ಬಿಡದಂತೆ ಕಾನೂನೇ ಅವರನ್ನು ಕಟ್ಟಿಹಾಕಿದೆ. ಅವರಿಗೂ ಅರ್ಧ ಮುಚ್ಚಿಟ್ಟರೆ ಆ ಅರ್ಧ ಪಾಟೀಸವಾಲಿನ ದಿನ ಎದುರಿಗೆ ಬಂದು ನಿಲ್ಲುತ್ತದೆ.

ಕೋರ್ಟ್ ಕಚೇರಿಯ ಕಾಗದಪತ್ರಗಳ ನಡುವೆಯೇ ನನ್ನ ನೌಕರಿ ಮುಗಿಯಿತು. ನಿನ್ನಂಥ ಹುಡುಗರು ವರಾಂಡದಲ್ಲಿ ಯಾರ್‍ಯಾರದೋ ಮಾತು ಕೇಳಿ ಕೆಟ್ಟದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ನಿನ್ನೊಬ್ಬನಿಗೇ ಕಳಿಸದೆ ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ದೂರು ಕೊಟ್ಟ ನಿನ್ನ ಹೆಂಡತಿ, ನಮ್ಮ ಸೊಸೆಯದೂ ಇಲ್ಲ.

ನಿನ್ನ ಮೇಲಿರುವುದು ಏನು ಅನ್ನುವುದನ್ನು ಮೊದಲು ತಿಳಿದುಕೋ. ಹೆಂಡತಿಯ ಮೇಲಿನ ಕ್ರೌರ್ಯಕ್ಕೆಂದು ಎಲ್ಲರ ಬಾಯಲ್ಲೂ ಇರುವ ಹಳೆಯ ದಂಡ ಸಂಹಿತೆಯ 498ಎ ಕಲಂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಶಿಕ್ಷೆ 3 ವರ್ಷದವರೆಗೆ ಜೈಲು, ಮೇಲೆ ದಂಡ. ಕ್ರೌರ್ಯ ಎಂದರೆ ಯಾವುದು ಎನ್ನುವುದು 86ನೇ ಕಲಮಿನಲ್ಲಿದೆ: ಹೆಣ್ಣುಮಗಳನ್ನು ಆತ್ಮಹತ್ಯೆಗೆ ದೂಡುವಂಥ, ಅವಳ ಜೀವಕ್ಕೋ ದೇಹಕ್ಕೋ ಮನಸ್ಸಿನ ಆರೋಗ್ಯಕ್ಕೋ ಗಂಭೀರ ಪೆಟ್ಟು ಬೀಳುವಂಥ ನಡತೆ; ಇಲ್ಲವೇ ಹಣ, ಬಂಗಾರ, ಆಸ್ತಿಗಾಗಿ ಕೊಟ್ಟ ಕಿರುಕುಳ. ಹೊಡೆತಕ್ಕೆ 115(2) ಬೇರೆಯೇ ಇದೆ. ಅದಕ್ಕೆ 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎಫ್‌ಐಆರ್‌ನಲ್ಲಿ ಯಾವ ಕಲಂ ಇದೆ, ಯಾವುದಕ್ಕೆ ಯಾವ ಸಾಕ್ಷಿ ಇದೆ, ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ಏನು ಬರೆದಿದ್ದಾರೆ ಎನ್ನುವುದನ್ನು ಒಂದೊಂದಾಗಿ ಬಿಡಿಸಿ ನೋಡುವುದೇ ವಕೀಲರ ಕೆಲಸ. ನಡೆಯದ ವರದಕ್ಷಿಣೆಯ ಮಾತು ದೂರಿನಲ್ಲಿ ಸೇರಿದ್ದರೆ ಅದನ್ನು ಎದುರಿಸುವುದು ನಿನ್ನ ಹಕ್ಕು. ನಡೆದ ಹೊಡೆತವನ್ನು ನಡೆದೇ ಇಲ್ಲವೆಂದು ಊರ ತುಂಬ ಹೇಳಿಕೊಂಡು ತಿರುಗುವುದು ಯಾವ ಹಕ್ಕೂ ಅಲ್ಲ. ಸುಮ್ಮನಿರಬಹುದು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಆರೋಪಿಯನ್ನು ಯಾರೂ ಬಲವಂತ ಮಾಡುವಂತಿಲ್ಲ, ಅದು ಸಂವಿಧಾನ ಕೊಟ್ಟ ರಕ್ಷಣೆ.

ನಿನ್ನನ್ನು ಹಿಡಿದ ರೀತಿಯನ್ನೂ ವಕೀಲರಿಗೆ ಹೇಳು. ಅರ್ನೇಶ್ ಕುಮಾರ್ ಪ್ರಕರಣದಲ್ಲಿ 2014ರ ಜುಲೈ 2ರಂದು ಸುಪ್ರೀಂ ಕೋರ್ಟ್ ಹೇಳಿದ್ದೇ ಇದು: ಇಂಥ ದೂರು ಬಂದ ಕೂಡಲೇ ಕಣ್ಣು ಮುಚ್ಚಿ ಬಂಧಿಸುವಂತಿಲ್ಲ, ಬಂಧನ ಯಾಕೆ ಬೇಕಾಯಿತು ಎನ್ನುವುದನ್ನು ಪೊಲೀಸರು ಬರೆದಿಡಬೇಕು, ಬೇಡವಾದರೆ ನೋಟಿಸು ಕೊಟ್ಟು ಕರೆಯಬೇಕು. ಎಷ್ಟು ಹೊತ್ತಿಗೆ ಹಿಡಿದರು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರೋ ಇಲ್ಲವೋ, ಮನೆಯವರಿಗೆ ತಿಳಿಸಿದರೋ ಎನ್ನುವುದನ್ನೆಲ್ಲ ನೆನಪು ಹಸಿ ಇರುವಾಗಲೇ ಬರೆದು ಅವರ ಕೈಗೆ ಕೊಡು. ಫೀಸು ಕೊಡಲಾಗದೆ ಒಳಗೇ ಉಳಿದ ಹುಡುಗರಿಗೂ ಒಂದು ಮಾತು: ಬಂಧನದಲ್ಲಿರುವ ಯಾರಿಗಾದರೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಪುಕ್ಕಟೆ ವಕೀಲರು ಸಿಗುತ್ತಾರೆ. ಗದಗಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರಾಯಿತು, ಇಲ್ಲವೇ 15100ಕ್ಕೆ ಫೋನು ಮಾಡಿದರಾಯಿತು. ಅದೇ ಪ್ರಾಧಿಕಾರ ಸೊಸೆಗೂ ವಕೀಲರನ್ನು ಕೊಡುತ್ತದೆ. ಅದಕ್ಕೆ ನೀನು ಮುಖ ಸಿಂಡರಿಸಬೇಡ.

ಮುಂಡರಗಿಗೆ ಕೊಟ್ಟ ನಿನ್ನ ಅಕ್ಕನ ಹೆಸರೂ ದೂರಿನಲ್ಲಿದೆ ಅಂತ ಕೇಳಿದೆ. ಏನು ಮಾಡಿದಳು, ಯಾವಾಗ ಮಾಡಿದಳು ಅಂತಿಲ್ಲದೆ ನೆಂಟರನ್ನೆಲ್ಲ ಸಾರಾಸಗಟಾಗಿ ಎಳೆದರೆ ಕೇಸು ನಿಲ್ಲುವುದಿಲ್ಲ ಎಂದು 2022ರಲ್ಲಿ ಕಹಕಶಾನ್ ಕೌಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಕೆಯ ಮಟ್ಟಿಗೆ ಕೇಸು ರದ್ದು ಕೋರಿ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದು. 2008ರಲ್ಲಿ ಆ ಪೀಠ ಬಂದದ್ದರಿಂದ ನಮ್ಮ ಕಡೆಯ ಬಡವರಿಗೆ ಬೆಂಗಳೂರಿನ ಅಲೆದಾಟ ತಪ್ಪಿತು. ದೊಡ್ಡ ಉಪಕಾರ.

ಇಷ್ಟು ಕೋರ್ಟಿನೊಳಗಿನ ಮಾತು. ನನಗೆ ಹೆದರಿಕೆ ಇರುವುದು ಹೊರಗೆ ನಡೆಯುವುದರದ್ದು.

ವರಾಂಡದಲ್ಲಿ ಯಾವನೋ ಬಂದು ಹೆಗಲ ಮೇಲೆ ಕೈಹಾಕಿ, “ಆಕಿ ಮ್ಯಾಲ ಒಂದು ಬಂಗಾರ ಕಳುವಿನ ಕೇಸ್ ಜಡಿ, ತಾನಾಗೇ ದಾರಿಗೆ ಬರ್ತಾಳ” ಅನ್ನುತ್ತಾನೆ. ಇನ್ನೊಬ್ಬ ಉತಾರದಿಂದ ನಿನ್ನ ಹೆಸರು ತೆಗೆಸಿ ಹೊಲವನ್ನು ತಮ್ಮನ ಹೆಸರಿಗೆ ಮಾಡಿಸು, ಜೀವನಾಂಶ ಕೊಡೋದು ತಪ್ಪತೈತಿ ಅನ್ನುತ್ತಾನೆ. ಸುಪ್ರೀಂ ಕೋರ್ಟಿನ 2020ರ ರಜನೇಶ್ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ ಮಾರಿದ ಪಟ್ಟಿ ಇರುತ್ತದೆ, ಬ್ಯಾಂಕಿನ ಪಾಸ್‌ಬುಕ್ ಇರುತ್ತದೆ. ಅಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದವನು ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಮನೆ ಅವ್ವನ ಹೆಸರಿನಲ್ಲಿದೆ, ಹೆಂಡತಿ ಒಳಗೆ ಕಾಲಿಡುವ ಹಾಗಿಲ್ಲ ಎಂದು ಬೀಗ ಬದಲಿಸಬೇಡ. ಮದುವೆಯಾಗಿ ಬಂದು ಸಂಸಾರ ಮಾಡಿದ ಮನೆ ಅತ್ತೆ ಮಾವನದಾದರೂ ಅಲ್ಲಿ ವಾಸದ ಹಕ್ಕು ಕೇಳಲು ಸೊಸೆಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಆಕೆಗೆ ರಕ್ಷಣಾ ಆದೇಶ ಸಿಕ್ಕ ಮೇಲೆ ನೀನು ಅದನ್ನು ಮೀರಿದರೆ ಅದೇ ಹೊಸ ಅಪರಾಧ. 1 ವರ್ಷದವರೆಗೆ ಜೈಲು. ಮಗಳನ್ನು ನೋಡಬೇಕೆನಿಸಿದರೆ ಭೇಟಿಗೆ ಅವಕಾಶ ಕೋರಿ ಅರ್ಜಿ ಹಾಕಿಸು, ಶಾಲೆಯ ಗೇಟಿನ ಹತ್ತಿರ ಹೋಗಿ ನಿಲ್ಲಬೇಡ.

ಇನ್ನು ಪಂಚಾಯಿತಿ. ಹಿರಿಯರೆಲ್ಲ ಕೂಡಿ ಸೊಸೆಯನ್ನು ಕೂರಿಸಿ, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿ, “ಮುಗೀತು, ನಡೀರಿ” ಎನ್ನುವುದು ನಮ್ಮಲ್ಲಿ ರೂಢಿ. ಆ ಕಾಗದದಿಂದ ಕೇಸು ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ 85ನೇ ಕಲಮಿನದು ಕೆಳಗಿನ ಕೋರ್ಟಿನಲ್ಲಿ ರಾಜಿಯಾಗುವ ಅಪರಾಧವಲ್ಲ. ಇಬ್ಬರೂ ಮನಸಾರೆ ಒಪ್ಪಿದರೆ ಹೈಕೋರ್ಟ್ ರದ್ದು ಮಾಡಬಹುದು. ನೀನು ಕಳಿಸಿದ ಜನರ ಎದುರು ಹೆದರಿ ಕುಳಿತ ಹುಡುಗಿ ಹಾಕಿದ ಸಹಿಯನ್ನು ಮನಸಾರೆ ಅನ್ನಲಾಗದು. ದೂರು ಕೊಟ್ಟವಳ ಮೇಲೆ, ಸಾಕ್ಷಿಗಳ ಮೇಲೆ ಒತ್ತಡ ತಂದದ್ದು ಗೊತ್ತಾದರೆ ಜಾಮೀನೇ ರದ್ದಾಗಬಹುದು. ಆಗ ನಿನಗೆ ಜಾಮೀನು ನಿಂತು ತಮ್ಮ ಹೊಲದ ಉತಾರ, ಆಧಾರ್ ಪ್ರತಿ ಕೊಟ್ಟ ಮಾವನಿಗೂ ತೊಂದರೆ. ಮಾತುಕತೆ ಆಗಬೇಕಿದ್ದರೆ ಕೋರ್ಟಿನ ಮಧ್ಯಸ್ಥಿಕೆಯಲ್ಲಿ ಆಗಲಿ. ಅಲ್ಲಿ ಆಕೆ ‘ಒಲ್ಲೆ’ ಎಂದರೆ ಅಲ್ಲಿಗೆ ಬಿಡು.

ಇದೇ ಊರಿನಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಹೇಳಿ ನಾವು ಎದೆಯುಬ್ಬಿಸುತ್ತೇವೆ. ಏಟು ತಿಂದು ಬಂದ ಹುಡುಗಿಗೆ “ಸ್ವಲ್ಪ ಹೊಂದ್ಕೊಂಡು ಹೋಗವ್ವಾ” ಎಂದು ಬುದ್ಧಿ ಹೇಳುವವರೂ ನಾವೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ 18ರಿಂದ 49 ವರ್ಷದ ವಿವಾಹಿತೆಯರು ಕರ್ನಾಟಕದಲ್ಲಿ ಶೇ 44.4. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬಳು. ಠಾಣೆಯ ಮೆಟ್ಟಿಲು ಹತ್ತುವವರು ಅದರಲ್ಲಿ ಎಲ್ಲೋ ಕೆಲವರು. ಆದ್ದರಿಂದ “ಈಗಿನ ಹೆಣ್ಣುಮಕ್ಕಳೆಲ್ಲ ಸುಳ್ಳು ಕೇಸು ಹಾಕ್ತಾರ” ಎನ್ನುವವನ ಪಕ್ಕ ಕುಳಿತು ತಲೆಯಾಡಿಸಬೇಡ. ನಿನ್ನ ಕೇಸು ಸುಳ್ಳಾಗಿದ್ದರೆ ಅದು ಸಾಕ್ಷಿಗಳಿಂದ ತೀರ್ಮಾನವಾಗಲಿ.

ನಿಜವಾಗಿದ್ದರೆ, ಕೈ ಎತ್ತಿದ್ದು ಹೌದಾದರೆ, ಶಿಕ್ಷೆಯಾಗಲಿ ಖುಲಾಸೆಯಾಗಲಿ, ಆ ಕೈ ನಿನ್ನ ಜೊತೆಗೇ ಇರುತ್ತದೆ. ಕುಡಿತ ಇದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗು, ಸಿಟ್ಟು ತಡೆಯಲಾಗದಿದ್ದರೂ ಅಲ್ಲಿಗೇ ಹೋಗು. ವಕೀಲರು ಹೇಳಲಿ ಎಂದು ಕಾಯಬೇಡ, ಕೋರ್ಟಿಗೆ ತೋರಿಸಲು ಚೀಟಿ ಸಿಗುತ್ತದೆಂದೂ ಹೋಗಬೇಡ.

ವಾಯಿದೆ ತಪ್ಪಿಸಬೇಡ, ತಪ್ಪಿಸಿದರೆ ವಾರಂಟ್ ಬರುತ್ತದೆ. ಫೋನಿನಲ್ಲಿರುವ ಹಳೆಯ ಸಂದೇಶ ಒಂದನ್ನೂ ಅಳಿಸದೆ ವಕೀಲರಿಗೆ ತೋರಿಸು. ಆಕೆಗೆ ಹೊಸದೊಂದನ್ನೂ ಕಳಿಸಬೇಡ. ವಕೀಲರ ಫೀಸಿಗೆ ದುಡ್ಡು ಕಡಿಮೆ ಬಿದ್ದರೆ ನನ್ನನ್ನು ಕೇಳು, ಪಿಂಚಣಿಯಿಂದ ಕೊಡುತ್ತೇನೆ. ಆಕೆಯ ತವರಿಗೆ ಜನ ತುಂಬಿಕೊಂಡು ಹೋಗಲು ಗಾಡಿ ಬೇಕೆಂದು ಮಾತ್ರ ನನ್ನ ಹತ್ತಿರ ಬರಬೇಡ.

ನಿನ್ನ ಕಾಕಾ,
ಲಕ್ಕುಂಡಿ